ಅಪ್‌ಡೇಟ್: ಅಕ್ಕನ ಮಗಳಿಗೆ ಸೀಟೂ ಸಿಕ್ಕಿತು, ಹಾಸ್ಟೆಲೂ ಸಿಕ್ಕಿತು

ಟ್ರಾನ್ಸ್‌ಜೆಂಡರ್ ಆಗಿರುವ ನಮ್ಮ ಅಕ್ಕನ ಮಗಳನ್ನು ವಿರಾಜಪೇಟೆಯಿಂದ ಮೈಸೂರಿನ ಕಾಲೇಜಿಗೆ ಸೇರಿಸುವುದು ಹೇಗೆ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೂ ಹುಡುಗನ ಹೆಸರಿದೆ ಅಂತ ಕೇಳಿದ್ದೆನಲ್ಲ. ಅಡ್ಮಿಷನ್ ಆಯಿತು!

ಕೆಲಸಕ್ಕೆ ಬಂದದ್ದು, ಫೀಸ್ ಕಟ್ಟುವ ಮೊದಲೇ ಪ್ರಿನ್ಸಿಪಾಲರನ್ನು ಕಾಣಿ ಎಂದವರ ಸಲಹೆ. ಅರ್ಜಿಯಲ್ಲಿ ಹಳೇ ಹೆಸರೇ ಇರಲಿ, ಹಾಜರಿಗೆ ಅವಳು ಹೇಳಿದ ಹೆಸರು ಕರೆಯುತ್ತೇವೆ ಎಂದರು ಪ್ರಿನ್ಸಿಪಾಲರು. ಹಾಸ್ಟೆಲಿನದೇ ತಲೆನೋವು. ವಾರ್ಡನ್ ಸುಮ್ನೆ ಸುತ್ತಿ ಬಳಸಿ ಮಾತಾಡಿದರು. ಆಗ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2016ರ ರ‍್ಯಾಗಿಂಗ್ ವಿರೋಧಿ ನಿಯಮದ ತಿದ್ದುಪಡಿಯ ಪ್ರಿಂಟ್ ತೋರಿಸಿದೆವು. ಅದರ ಪ್ರಕಾರ ಟ್ರಾನ್ಸ್‌ಜೆಂಡರ್ ಅಂತಲೋ, ಸಲಿಂಗ ಒಲವಿದೆ ಅಂತಲೋ ಒಬ್ಬರನ್ನು ಕಾಡಿಸಿದರೆ, ದೂರ ಇಟ್ಟರೆ ಅದೂ ರ‍್ಯಾಗಿಂಗೇ! ನನಗೆ ಇದು ಹೊಸ ವಿಷಯ. ಕೊನೆಗೆ ಬಾತ್‌ರೂಮ್ ಇರುವ ಸಿಂಗಲ್ ರೂಮ್ ಕೊಟ್ಟರು. ಬಾಡಿಗೆ ಜಾಸ್ತಿ, ಇರಲಿ.

ಡಿಸಿ ಕಚೇರಿಯ ಟ್ರಾನ್ಸ್‌ಜೆಂಡರ್ ಗುರುತಿನ ಪತ್ರ ಮೊದಲು ಮಾಡಿಸಿ ಎಂದಿದ್ದಿರಿ. ಒಳ್ಳೇ ಸಲಹೆಯೇ, ಆದರೆ ಸಮಯ ಸಾಲಲಿಲ್ಲ. ಈ ಮಳೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಕೊಡಗಿನವರಿಗೆ ಗೊತ್ತೇ ಇದೆ ಅಲ್ವಾ. ಇನ್ನು ಕೆಲವರು ಹೇಳಿದ ಟ್ರಾನ್ಸ್‌ಜೆಂಡರ್‌ಗಳ 1% ಮೀಸಲಾತಿ, 2021ರಲ್ಲಿ ಕರ್ನಾಟಕ ತಂದದ್ದು ಸರ್ಕಾರಿ ಕೆಲಸಕ್ಕೆ, ಕಾಲೇಜು ಸೀಟಿಗಲ್ಲ.

ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522. ಅವಳ ಫೋನಿನಲ್ಲೂ ಅಕ್ಕನ ಫೋನಿನಲ್ಲೂ ಸೇವ್ ಮಾಡಿಟ್ಟಿದ್ದೇವೆ.