ಮುಟ್ಟದ ಐ20 ಎನ್ ಲೈನಾ, ರೀಮ್ಯಾಪ್ ಮಾಡಿಸಿದ ಪೋಲೋನಾ? ಕಲಬುರಗಿ ರಸ್ತೆಗೆ ಯಾವುದು?

ಸೇಡಂ ರೋಡ್ ಸವಾರ:
ಹದಿನೈದು ದಿನದಿಂದ ಇದೊಂದೇ ತಲೆಯಲ್ಲಿ ಓಡುತ್ತಿದೆ, ನಿಮ್ಮನ್ನೇ ಕೇಳೋಣ ಅಂತ ಬಂದೆ. ಎರಡು ಸೆಕೆಂಡ್ ಹ್ಯಾಂಡ್ ಗಾಡಿ ನೋಡಿಟ್ಟಿದ್ದೇನೆ. ಒಂದು 2022ರ ಹ್ಯುಂಡೈ ಐ20 ಎನ್ ಲೈನ್. ಕಂಪನಿಯಿಂದ ಹೇಗೆ ಬಂತೋ ಹಾಗೇ ಇದೆ. 1.0 ಲೀಟರ್ ಟರ್ಬೋ, 120 ಪಿಎಸ್ ಪವರ್, 172 ಎನ್‌ಎಂ ಟಾರ್ಕ್ (ಎಳೆಯುವ ಬಲ). ಇನ್ನೊಂದು 2017ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಶೋರೂಮಿನಿಂದ ಬಂದಾಗ ಅದು 105 ಪಿಎಸ್, 175 ಎನ್‌ಎಂ. ಈಗಿನ ಓನರ್ ಸ್ಟೇಜ್ ಒನ್ ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಮ್ಯಾಪ್, ಅಂದರೆ ಸೆಟ್ಟಿಂಗ್, ಬದಲಿಸುವ ಮೊದಲ ಹಂತ), ಕೋನ್ ಆಕಾರದ ಏರ್ ಫಿಲ್ಟರ್, ಗಾಡಿ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್, 17 ಇಂಚಿನ ಅಲಾಯ್ ಚಕ್ರ ಎಲ್ಲ ಹಾಕಿಸಿದ್ದಾರೆ. ಟ್ಯೂನರ್ ಕೊಟ್ಟ ಚೀಟಿಯಲ್ಲಿ 135 ಪಿಎಸ್ ಅಂತಿದೆ. ರೇಟು ಐ20ಗಿಂತ ಎರಡು ಲಕ್ಷ ಕಮ್ಮಿ.

ಭಾನುವಾರ ಬೆಳಿಗ್ಗೆ ಆರಕ್ಕೆ ಬುದ್ಧ ವಿಹಾರದ ಹತ್ತಿರದಿಂದ ಮಳಖೇಡದವರೆಗೆ ಎರಡನ್ನೂ ಓಡಿಸಿದೆ. ನಿಜ ಹೇಳುತ್ತೇನೆ, ಪೋಲೋ ಹುಚ್ಚು ಹಿಡಿಸಿತು. 2000 ಆರ್‌ಪಿಎಂ ದಾಟಿದ ಕೂಡಲೇ ಬೆನ್ನು ಸೀಟಿಗೆ ಅಂಟಿಕೊಂಡಿತು. ಐ20 ಚೆನ್ನಾಗಿದೆ, ಆದರೆ ಆ ಎಳೆತ ಇಲ್ಲ. ಮನಸ್ಸು ಪೋಲೋ ಕಡೆ ವಾಲುತ್ತಿದೆ. ತಪ್ಪು ಮಾಡುತ್ತಿದ್ದೇನಾ?

ಜೇವರ್ಗಿ ಟರ್ಬೋ:
ಯೋಚನೆ ಮಾಡಬೇಡ ಅಣ್ಣಾ, ಪೋಲೋ ತಗೋ. ನನ್ನ ಹತ್ತಿರ ಅದೇ ಗಾಡಿ ಇದೆ, ಅದೇ ಸ್ಟೇಜ್ ಒನ್. ಎನ್ ಲೈನ್ ಅಂತ ಹೆಸರು ಜೋರಾಗಿದೆ, ಎಂಜಿನ್ ನೋಡಿದರೆ ಮಾಮೂಲಿ ಐ20 ಟರ್ಬೋದ್ದೇ. ಪವರ್ ಒಂದು ಪಿಎಸ್ ಕೂಡ ಜಾಸ್ತಿ ಇಲ್ಲ. ಕೆಂಪು ದಾರದ ಹೊಲಿಗೆಗೂ ಎರಡು ಸೈಲೆನ್ಸರ್ ತುದಿಗೂ ಯಾಕೆ ದುಡ್ಡು ಕೊಡಬೇಕು? ಉಳಿದ ಎರಡು ಲಕ್ಷದಲ್ಲಿ ಇನ್ನೇನೇನೋ ಮಾಡಿಸಬಹುದು.

ಬೀದರ್ ಕೋಟೆ:
ಟರ್ಬೋ ಅವರೇ, ಎಂಜಿನ್ ಒಂದೇ ಅನ್ನೋದು ಸರಿ. ಆದರೆ ಬದಲಾಗಿದ್ದು ಹೊಲಿಗೆ ಮಾತ್ರ ಅಲ್ಲ. ಎನ್ ಲೈನ್‌ನ ಸಸ್ಪೆನ್ಷನ್ ಬಿಗಿ ಮಾಡಿದ್ದಾರೆ, ಸ್ಟೇರಿಂಗ್ ತೂಕ ಹೆಚ್ಚಿಸಿದ್ದಾರೆ, ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಕೊಟ್ಟಿದ್ದಾರೆ. ಪೋಲೋ ಜಿಟಿಗೆ ಹಿಂದೆ ಡ್ರಮ್ಮೇ. ನಾನು ತಿಂಗಳಿಗೆ ನಾಲ್ಕು ಸಲ ಹೈದರಾಬಾದ್‌ಗೆ ಹೋಗಿಬರುತ್ತೇನೆ. ಹೈವೇಯಲ್ಲಿ ಅಡ್ಡ ಬರುವ ಟ್ರ್ಯಾಕ್ಟರ್ ಮುಂದೆ ನನಗೆ ಬೇಕಾದದ್ದು ಬ್ರೇಕು, 135 ಪಿಎಸ್ ಅಲ್ಲ.

ಕಂಪನಿಯವರೇ ಟ್ಯೂನ್ ಮಾಡಿದರೆ ಹೇಗಿರುತ್ತದೆ ಅಂತ ನೋಡಬೇಕಾದರೆ 2015ರ ಫಿಯಟ್ ಅಬಾರ್ತ್ ಪುಂಟೋ ನೆನಪು ಮಾಡಿಕೊಳ್ಳಿ. ಫಿಯಟ್ ಲೀನಿಯಾದಲ್ಲಿ 114 ಪಿಎಸ್ ಕೊಡುತ್ತಿದ್ದ ಅದೇ 1.4 ಲೀಟರ್ ಟಿ-ಜೆಟ್ ಎಂಜಿನ್ನನ್ನು 145ಕ್ಕೆ ಏರಿಸಿದರು. ಬರೀ ಎಂಜಿನ್ ಏರಿಸಿ ಬಿಡಲಿಲ್ಲ. ಗಾಡಿ ತಗ್ಗಿಸಿದರು, ಸಸ್ಪೆನ್ಷನ್ ಬಿಗಿ ಮಾಡಿದರು, ನಾಲ್ಕೂ ಕಡೆ ಡಿಸ್ಕ್ ಹಾಕಿದರು. ಎಲ್ಲ ಒಟ್ಟಿಗೆ. ಹೊರಗೆ ಮಾಡಿಸುವವರು ಮೊದಲು ಪವರ್ ಮಾಡಿಸುತ್ತಾರೆ, ಉಳಿದದ್ದು ಆಮೇಲೆ ಅಂತ ಬಿಟ್ಟುಬಿಡುತ್ತಾರೆ.

ಗ್ಯಾರೇಜ್ ಕಾಕಾ:
ತಮ್ಮಾ ಸವಾರ, ನೀನು ಓಡಿಸಿದ್ದು ಬೆಳಿಗ್ಗೆ ಆರಕ್ಕೆ. ಅದೇ ಗಾಡಿಯನ್ನು ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಓಡಿಸಿ ನೋಡು. ನಮ್ಮ ಕಡೆ ಬಿಸಿಲು 43 ಡಿಗ್ರಿ ಮುಟ್ಟುತ್ತದೆ, ರಸ್ತೆ ಅದಕ್ಕಿಂತ ಜಾಸ್ತಿ ಕಾದಿರುತ್ತದೆ.

ಟರ್ಬೋ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ರೀಮ್ಯಾಪ್ ಅಂದರೆ ಅದನ್ನೇ ಇನ್ನಷ್ಟು ಒತ್ತುವುದು, ಸ್ಪಾರ್ಕ್ ಇನ್ನೂ ಸ್ವಲ್ಪ ಬೇಗ ಕೊಡುವುದು. ಒಳಗೆ ಹೋಗುವ ಗಾಳಿ ತುಂಬಾ ಬಿಸಿಯಾದರೆ ಪೆಟ್ರೋಲ್ ತನ್ನಷ್ಟಕ್ಕೆ ಹೊತ್ತಿಕೊಳ್ಳುತ್ತದೆ, ಎಂಜಿನ್ ಕಟಕಟ ಅನ್ನುತ್ತದೆ. ಅದನ್ನು ಸೆನ್ಸರ್ ಹಿಡಿದ ಕೂಡಲೇ ಇಸಿಯು (ಎಂಜಿನ್ ಕಂಪ್ಯೂಟರ್) ಸ್ಪಾರ್ಕ್ ತಡ ಮಾಡುತ್ತದೆ. ಪವರ್ ಅಲ್ಲೇ ಇಳಿಯಿತು. ಚೀಟಿಯಲ್ಲಿರುವ 135 ನಿನಗೆ ಡಿಸೆಂಬರ್ ಬೆಳಿಗ್ಗೆ ಸಿಗಬಹುದು, ಮೇ ಮಧ್ಯಾಹ್ನ ಸಿಗುವುದಿಲ್ಲ.

ಇನ್ನು ಆ ಕೋನ್ ಫಿಲ್ಟರ್. ಕಂಪನಿ ಏರ್ ಬಾಕ್ಸ್ ಮುಂಭಾಗದಿಂದ ಹೊರಗಿನ ಗಾಳಿ ತಗೊಳ್ಳುತ್ತದೆ. ಮುಚ್ಚಳ ಇಲ್ಲದ ಕೋನ್ ಎಳೆಯುವುದು ಬಾನೆಟ್ ಒಳಗಿನ ಬಿಸಿಗಾಳಿ. ಮೇಲೆ ನಮ್ಮ ಸೇಡಂ ರಸ್ತೆಯ ಸಿಮೆಂಟ್ ಧೂಳು, ಎರೆ ಮಣ್ಣಿನ ಧೂಳು ಬೇರೆ. ಹೋದ ವರ್ಷ ಒಂದು ಗಾಡಿ ಬಂತು, ಕೋನ್ ಬಿಚ್ಚಿ ಒಳಗಿನ ಪೈಪಿನಲ್ಲಿ ಬೆರಳಾಡಿಸಿದೆ. ಬೆರಳಿಗೆ ಬೂದಿಯಂಥ ಹುಡಿ ಮೆತ್ತಿಕೊಂಡಿತು. ಆ ಹುಡಿಯೆಲ್ಲ ಸೀದಾ ಟರ್ಬೋ ರೆಕ್ಕೆಗೆ ಹೋಗಿ ಬಡಿಯುತ್ತದೆ. ಬರುವ ಸೌಂಡ್ ಚೆಂದ, ಅದು ಸುಳ್ಳಲ್ಲ. ಆದರೆ ಈ ಊರಿಗೆ ಕೋನ್ ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಜೇವರ್ಗಿ ಟರ್ಬೋ:
ಕಾಕಾ, ಕೋನ್ ವಿಷಯ ಒಪ್ಪಿದೆ. ನಾನೂ ತೆಗೆಸಿ ಕಂಪನಿ ಬಾಕ್ಸನ್ನೇ ಹಾಕಿಸಿದ್ದೇನೆ. ಆದರೆ ಬಿಸಿಲು ಎನ್ ಲೈನ್‌ಗೂ ಅದೇ ಅಲ್ವಾ? ಅದೂ ಟರ್ಬೋನೇ.

ಗ್ಯಾರೇಜ್ ಕಾಕಾ:
ಬಿಸಿಲು ಒಂದೇ, ಉಳಿಸಿಟ್ಟ ಜಾಗ ಬೇರೆ. ಕಂಪನಿಯವರು ಲೇಹ್‌ನ ಚಳಿಗೂ ಕಲಬುರಗಿ ಬಿಸಿಲಿಗೂ ಒಂದೇ ಮ್ಯಾಪ್ ಕೊಡಬೇಕು. ಸಣ್ಣ ಊರಿನ ಬಂಕಿನ ಸಾದಾ ಪೆಟ್ರೋಲಿಗೂ ಅದು ತಡೆದುಕೊಳ್ಳಬೇಕು. ಹಾಗಾಗಿ ಕೈ ಹಿಡಿದೇ ಪವರ್ ಕೊಡುತ್ತಾರೆ. ಟ್ಯೂನರ್ ಬಳಸಿಕೊಳ್ಳುವುದು ಹಾಗೆ ಉಳಿದ ಜಾಗವನ್ನೇ. ನಿನ್ನ ಮ್ಯಾಪ್ ಹೆಚ್ಚು ಆಕ್ಟೇನ್‌ನ (ತನ್ನಷ್ಟಕ್ಕೆ ಬೇಗ ಹೊತ್ತಿಕೊಳ್ಳದ) ಪ್ರೀಮಿಯಂ ಪೆಟ್ರೋಲಿಗೆ ಬರೆದದ್ದಾದರೆ ಯಾವಾಗಲೂ ಅದನ್ನೇ ಹಾಕಿಸಬೇಕು. ಅದು ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಸುರಪುರ ಕಡೆ ಟ್ಯಾಂಕ್ ಖಾಲಿಯಾದರೆ ಏನು ಮಾಡುತ್ತೀಯಾ?

ಗೇರ್ ಬಾಕ್ಸ್ ವಿಷಯವನ್ನೂ ಹೇಳಿಬಿಡುತ್ತೇನೆ. ಪೋಲೋದ ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್‌ನದು ಒಣ ಕ್ಲಚ್ (ಆಯಿಲಿನಲ್ಲಿ ಮುಳುಗಿರದ್ದು), ಅದರ ಮಿತಿ 250 ಎನ್‌ಎಂ. ಸ್ಟೇಜ್ ಒನ್ ಅದರೊಳಗೇ ಬರುತ್ತದೆ, ಹೆದರುವಂಥದ್ದೇನಲ್ಲ. ಆದರೆ ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ತೆವಳುವಾಗ ಕ್ಲಚ್ ಬಿಸಿಯಾಗುತ್ತದೆ. ಮೊದಲಿನ ಓನರ್ ಹೇಗೆ ಓಡಿಸಿದ್ದಾನೆ ಅನ್ನೋದು ನಿನಗೆ ಗೊತ್ತಿಲ್ಲ. ಮುಟ್ಟದ ಗಾಡಿಯಲ್ಲಿ ಈ ಚಿಂತೆ ಅರ್ಧದಷ್ಟು ಕಮ್ಮಿ.

ಶಹಾಬಾದ್ ಅಕ್ಕ:
ನಾನು ದಿನಾ ಶಹಾಬಾದ್‌ನಿಂದ ಕಲಬುರಗಿಗೆ ಕೆಲಸಕ್ಕೆ ಬರುತ್ತೇನೆ. ಪವರ್ ಬಗ್ಗೆ ನೀವೇ ಮಾತಾಡಿಕೊಳ್ಳಿ, ನಾನು ಚಕ್ರದ ಬಗ್ಗೆ ಹೇಳುತ್ತೇನೆ. ಐ20ಗೆ ಬರುವುದು 195/55 ಆರ್16. ಪೋಲೋಗೆ ಹಾಕಿರುವುದು ಎಷ್ಟು? 17 ಇಂಚಿಗೆ ಸಾಮಾನ್ಯವಾಗಿ 205/45 ಹಾಕುತ್ತಾರೆ. ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಅಂತ. ಲೆಕ್ಕ ಹಾಕಿ ನೋಡಿ. ಮೊದಲನೆಯದರಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 107 ಮಿಲಿಮೀಟರ್ ರಬ್ಬರ್ ಇದೆ. ಎರಡನೆಯದರಲ್ಲಿ 92. ಗುಂಡಿಗೆ ಬಿದ್ದಾಗ ಆ 15 ಮಿಲಿಮೀಟರೇ ರಿಮ್ಮನ್ನು ಉಳಿಸುತ್ತದೆ.

ನನ್ನ ತಮ್ಮ ಹೀಗೇ ದೊಡ್ಡ ಅಲಾಯ್ ಹಾಕಿಸಿದ್ದ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿ ಕಾಣಲಿಲ್ಲ. ಇಳಿದು ನೋಡಿದರೆ ರಿಮ್ಮಿನ ಅಂಚು ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ಅಂಚಿನ ಹಾಗೆ ಸೊಟ್ಟಗಾಗಿತ್ತು. ಗಾಡಿಯಲ್ಲಿ ಅಪ್ಪ ಅಮ್ಮ ಇದ್ದರು. ಇನ್ನು ತಗ್ಗಿಸಿದ ಗಾಡಿ ನಮ್ಮ ಊರುಗಳ ಹಂಪ್ ದಾಟುವುದನ್ನು ನೋಡಿದ್ದೀರಲ್ಲ? ನಾಲ್ಕು ಜನ ಕೂತರೆ ಪ್ರತಿ ಹಂಪಿಗೂ ಹೊಟ್ಟೆ ಉಜ್ಜುತ್ತದೆ. ಸವಾರ ಅವರೇ, ಭಾನುವಾರ ನೀವು ಒಬ್ಬರೇ ಓಡಿಸಿದ್ದಲ್ವಾ? ಮನೆಯವರನ್ನು ಕೂರಿಸಿಕೊಂಡು ಒಂದು ಸಲ ಹೋಗಿ ಬನ್ನಿ.

ಕೆಎ 33:
ಯಾದಗಿರಿಯಿಂದ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಕೊಟ್ಟ ಮೂಲ ವಿವರಕ್ಕೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ದಂಡ ಒಂದೊಂದು ಬದಲಾವಣೆಗೂ 5,000 ರೂಪಾಯಿ, ಆರು ತಿಂಗಳವರೆಗೆ ಜೈಲೂ ಆಗಬಹುದು. ದಂಡಕ್ಕಿಂತ ನನಗೆ ಇನ್ಶೂರೆನ್ಸ್ ಚಿಂತೆ. ತಿಳಿಸದೆ ಮಾಡಿಸಿದ ಕೆಲಸ ಇದ್ದರೆ ಆ್ಯಕ್ಸಿಡೆಂಟ್ ಕ್ಲೇಮ್ ಬಂದಾಗ ಕಂಪನಿಯವರು ಅದನ್ನೇ ಹಿಡಿದು ತಗಾದೆ ತೆಗೆಯಬಹುದು. ಪಾಲಿಸಿಯಲ್ಲಿ ಬರೆಸಿದ್ದಾರಾ ಅಂತ ಓನರನ್ನು ಕೇಳಿ.

ಜೇವರ್ಗಿ ಟರ್ಬೋ:
ಇಲ್ಲಿ ಎಲ್ಲರೂ ಮಾಡಿಫೈ ಅಂದರೆ ತಪ್ಪು ಅನ್ನುವ ಹಾಗೆ ಮಾತಾಡುತ್ತಿದ್ದಾರೆ, ಅದಕ್ಕೆ ಬೇಜಾರು. ನಾನು ಮಾಡಿಸಿದ ಕ್ರಮ ಹೇಳುತ್ತೇನೆ. ಮೊದಲು ಒಳ್ಳೆ ಟೈರ್, ಅದೇ 16 ಇಂಚಿನಲ್ಲಿ. ಆಮೇಲೆ ಬ್ರೇಕ್ ಪ್ಯಾಡ್, ಹೊಸ ಡಾಟ್ 4 ಬ್ರೇಕ್ ಆಯಿಲ್. ರೀಮ್ಯಾಪ್ ಒಂದು ವರ್ಷ ಬಿಟ್ಟು. ಬೀದರ್ ಅಣ್ಣ ಹೇಳಿದ್ದು ನನಗೂ ಗೊತ್ತು. 80ರಿಂದ 100ಕ್ಕೆ ಹೋದರೆ ವೇಗ ಕಾಲು ಪಾಲು ಜಾಸ್ತಿ, ಬ್ರೇಕಿಗೆ ಬೀಳುವ ಹೊರೆ ಮಾತ್ರ ಒಂದೂವರೆ ಪಟ್ಟು. ಅದು ಗೊತ್ತಿದ್ದೇ ಮಾಡಿಸಿದ್ದೇನೆ. ನನ್ನ ಗಾಡಿ ಹಾಗೆ ಇದೆ, ನಾನೇ ಮಾಡಿಸಿದ್ದು, ಒಂದೊಂದು ನಟ್ಟೂ ಗೊತ್ತು. ಐದು ವರ್ಷ ಓಡಿಸಿದ್ದೇನೆ. ಅದನ್ನು ತೆಗೆದುಕೊಂಡು ಹೋಗಿ ಎಲ್ಲ ರೀಮ್ಯಾಪ್ ಗಾಡಿಗಳ ಜೊತೆ ಸೇರಿಸಬೇಡಿ.

ಬೀದರ್ ಕೋಟೆ:
ನಿಮ್ಮ ಗಾಡಿಯನ್ನು ಯಾರೂ ತಪ್ಪು ಅನ್ನಲಿಲ್ಲ. ನೀವೇ ಈಗ ಹೇಳಿದಿರಲ್ಲ, ಒಂದೊಂದು ನಟ್ಟೂ ಗೊತ್ತು ಅಂತ. ಸವಾರ ತಗೊಳ್ಳುತ್ತಿರುವುದು ಬೇರೆಯವರು ಮಾಡಿಸಿದ ಗಾಡಿ. ಅದರ ಒಂದು ನಟ್ಟೂ ಅವರಿಗೆ ಗೊತ್ತಿಲ್ಲ.

ಜೇವರ್ಗಿ ಟರ್ಬೋ:
ಅದು ಸರಿ. ಸ್ಟಾಕ್ ಫೈಲ್ (ಕಂಪನಿಯ ಮೂಲ ಮ್ಯಾಪ್), ಹಳೇ ಸ್ಪ್ರಿಂಗ್, ಏರ್ ಬಾಕ್ಸ್ ಅವರ ಹತ್ತಿರ ಇದೆಯಾ ಅಂತ ಕೇಳಣ್ಣಾ. ಇಲ್ಲ ಅಂದರೆ ನಾನೂ ಬೇಡ ಅಂತೀನಿ.

ಸೇಡಂ ರೋಡ್ ಸವಾರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬುಧವಾರ ಮಧ್ಯಾಹ್ನ ಎರಡಕ್ಕೆ ಪೋಲೋವನ್ನು ಮತ್ತೆ ಓಡಿಸಿದೆ. ಈ ಸಲ ಅಪ್ಪ, ಅಮ್ಮ, ಭಾಮೈದ ಎಲ್ಲ ಕೂತಿದ್ದರು. ಎಂಜಿನ್ ಅಂಕಿಅಂಶ ತೋರಿಸುವ ಭಾಮೈದನ ಸ್ಕ್ಯಾನರ್ ಹಾಕಿಕೊಂಡಿದ್ದೆ. ರೈಲ್ವೆ ಗೇಟ್ ಬಿದ್ದಿತ್ತು, ಹತ್ತು ನಿಮಿಷ ಎಂಜಿನ್ ಆನ್ ಇಟ್ಟು ನಿಂತೆವು. ಒಳಗೆ ಹೋಗುವ ಗಾಳಿ 68 ಡಿಗ್ರಿ ತೋರಿಸುತ್ತಿತ್ತು. ಗೇಟ್ ಎದ್ದಮೇಲೆ ಪೆಡಲ್ ಒತ್ತಿದರೆ ಭಾನುವಾರದ ಗಾಡಿ ಇದೇನಾ ಅನ್ನಿಸಿತು. ನಾಲ್ಕು ಜನರ ಭಾರವೂ ಇತ್ತು, ಒಪ್ಪುತ್ತೇನೆ. ಮೂರು ಹಂಪ್‌ಗೆ ಉಜ್ಜಿತು. ಸಿಮೆಂಟ್ ಲಾರಿ ಹಿಂದೆ ಎರಡು ಸಲ ಜೋರಾಗಿ ಬ್ರೇಕ್ ಹಿಡಿದೆ, ಮೂರನೇ ಸಲ ಪೆಡಲ್ ಮೆತ್ತಗೆ ಒಳಗೆ ಹೋಯಿತು. ಅಮ್ಮ ಏನೂ ಅನ್ನಲಿಲ್ಲ, ಬಾಗಿಲ ಹಿಡಿ ಹಿಡಿದುಕೊಂಡು ಕೂತಿದ್ದರು. ಹಳೇ ಸ್ಪ್ರಿಂಗ್ ಕೇಳಿದೆ. ಗುಜರಿಗೆ ಹಾಕಿದೆ ಅಂದರು.

ಐ20ಗೆ ಮುಂಗಡ ಕೊಡುತ್ತಿದ್ದೇನೆ. ಆ ಎಳೆತ ನೆನಪಾದಾಗ ಹೊಟ್ಟೆ ಚುರ್ ಅನ್ನುತ್ತದೆ, ಅದೂ ನಿಜ.

ಗ್ಯಾರೇಜ್ ಕಾಕಾ:
ಮುಂಗಡ ಕೊಡುವ ಮುಂಚೆ ಗಾಡಿ ತಂದು ರ‍್ಯಾಂಪ್ ಮೇಲೆ ಹಾಕು, ಕೆಳಗೆಲ್ಲ ನೋಡಿಬಿಡೋಣ. ಮುಟ್ಟಿಲ್ಲ ಅಂತ ಬಾಯಲ್ಲಿ ಹೇಳಿದರೆ ಸಾಲದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಅದನ್ನು ಓದಿ ಹೇಳು.

ಸೇಡಂ ರೋಡ್ ಸವಾರ:
ಫೋಟೋ ತೆಗೆದಿದ್ದೆ ಕಾಕಾ. ನಾಲ್ಕರಲ್ಲೂ 0922 ಅಂತಿದೆ.

ಗ್ಯಾರೇಜ್ ಕಾಕಾ:
2022ರ ಒಂಬತ್ತನೇ ವಾರದ್ದು, ಗಾಡಿ ಜೊತೆ ಬಂದ ಟೈರೇ. ಅಷ್ಟು ಬಿಸಿಲು ತಿಂದ ರಬ್ಬರ್ ಬಿಗಿದಿರುತ್ತದೆ. ನಾಲ್ಕು ಹೊಸ ಟೈರಿನ ದುಡ್ಡು ರೇಟಿನಲ್ಲೇ ಮುರಿದುಕೋ. ಶುಕ್ರವಾರ ಹತ್ತು ಗಂಟೆಗೆ ಬಾ, ಬಿಸಿಲು ಏರುವುದರೊಳಗೆ ಮುಗಿಸೋಣ.