ಅವಿಯಾಂಕಾ 52: 'ಎಮರ್ಜೆನ್ಸಿ' ಎಂಬ ಪದ ನಿಯಂತ್ರಕರಿಗೆ ಏಕೆ ತಲುಪಲಿಲ್ಲ?

ಪ್ರಶ್ನೆ

1990ರ ಜನವರಿ 25ರ ರಾತ್ರಿ ನ್ಯೂಯಾರ್ಕ್ ಸಮೀಪದ ಕೋವ್ ನೆಕ್‌ನಲ್ಲಿ ಬಿದ್ದ ಅವಿಯಾಂಕಾ 52ರ ತನಿಖೆಯ ವಿವರಗಳನ್ನು ಓದಿದಾಗಿನಿಂದ ಒಂದು ಸಂದೇಹ ನನ್ನನ್ನು ಕಾಡುತ್ತಿದೆ. ಬೊಗೋಟಾದಿಂದ ಮೆಡೆಲಿನ್ ಮಾರ್ಗವಾಗಿ ಕೆನಡಿ ನಿಲ್ದಾಣಕ್ಕೆ ಬರುತ್ತಿದ್ದ ಆ ಬೋಯಿಂಗ್ 707 ವಿಮಾನವನ್ನು ಹವಾಮಾನ ಕೆಟ್ಟಿದ್ದರಿಂದ ಮೂರು ಕಡೆ ಒಟ್ಟು 1 ಗಂಟೆ 17 ನಿಮಿಷ ಆಕಾಶದಲ್ಲೇ ಸುತ್ತಿಸಲಾಯಿತು. ಮೊದಲ ಇಳಿಯುವ ಯತ್ನ ವಿಫಲವಾಗಿ, ಮತ್ತೆ ಸುತ್ತಿ ಬರುವಷ್ಟರಲ್ಲಿ ಇಂಧನ ಬರಿದಾಗಿ ನಾಲ್ಕೂ ಎಂಜಿನ್‌ಗಳು ನಿಂತವು. ಒಳಗಿದ್ದ 158 ಮಂದಿಯಲ್ಲಿ 73 ಮಂದಿ ತೀರಿಕೊಂಡರು. ಎಮರ್ಜೆನ್ಸಿ ಎಂದು ತಿಳಿಸುವಂತೆ ಕ್ಯಾಪ್ಟನ್ ಸಹ ಪೈಲಟ್‌ಗೆ ಸ್ಪಷ್ಟವಾಗಿ ಹೇಳಿದ್ದರೂ ಆ ಪದ ರೇಡಿಯೋದಲ್ಲಿ ಒಮ್ಮೆಯೂ ಕೇಳಿಬರಲಿಲ್ಲ. ಇದಕ್ಕೆ ಇಂಗ್ಲಿಷ್ ತೊಡಕು ಎಂಬ ವಿವರಣೆ ಸಾಕೆ, ಅಥವಾ ಇಳಿಯುವ ಹೊತ್ತಿನ ಕೆಲಸದ ಒತ್ತಡವೇ ಮಾತನ್ನು ಹೀಗೆ ನುಂಗಿಹಾಕುತ್ತದೆಯೆ? ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ವಿಮಾನ ಸಂಚಾರ ನಿಯಂತ್ರಕರೊಬ್ಬರಿಂದ

ನಮಸ್ಕಾರ. ನಾನು ನಮ್ಮ ಕಡೆಯ ಕುರ್ಚಿಯಲ್ಲಿ ಕುಳಿತವನಾಗಿ ಹೇಳುತ್ತೇನೆ. ಆ ರಾತ್ರಿ ಸಾಲಿನಲ್ಲಿದ್ದ ವಿಮಾನಗಳೆಲ್ಲ ಬಹಳ ಹೊತ್ತಿನಿಂದ ಕಾಯುತ್ತಿದ್ದವು. 'ನಮಗೆ ಆದ್ಯತೆ ಬೇಕು' ಎಂಬ ಮಾತನ್ನು ಕೇಳಿದ ನಿಯಂತ್ರಕನಿಗೆ ಅದು ಕೋರಿಕೆಯಾಗಿ ಕೇಳುತ್ತದೆಯೇ ಹೊರತು, ಉಳಿದ ವಿಮಾನಗಳನ್ನು ಬದಿಗೆ ಸರಿಸುವಂತೆ ಅವನನ್ನು ಕಟ್ಟಿಹಾಕುವ ಘೋಷಣೆಯಾಗಿ ಅಲ್ಲ. ಆ ಶಕ್ತಿ ಇರುವುದು 'ಎಮರ್ಜೆನ್ಸಿ' ಮತ್ತು 'ಮೇಡೇ' (ಪ್ರಾಣಾಪಾಯದ ಕರೆ) ಎಂಬ ಪದಗಳಿಗೆ. ಸಹ ಪೈಲಟ್ ಮೊದಲು ಆದ್ಯತೆ ಕೇಳಿದರು, ಇನ್ನು ಸುಮಾರು 5 ನಿಮಿಷವಷ್ಟೇ ಕಾಯಬಲ್ಲೆವು ಎಂದರು, ಪರ್ಯಾಯವಾಗಿದ್ದ ಬಾಸ್ಟನ್‌ಗೆ ಈಗ ಹೋಗಲಾಗದು, ಇಂಧನ ಮುಗಿಯುತ್ತದೆ ಎಂದೂ ಹೇಳಿದರು. ಆದರೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ಈ ಮಾತುಗಳಲ್ಲಿ ಉಳಿದದ್ದು '5 ನಿಮಿಷ' ಎಂಬುದೊಂದೇ. ಬಾಸ್ಟನ್ ತಪ್ಪಿಹೋದ ಸಂಗತಿ, ಅಂದರೆ ಇಡೀ ಸಂದೇಶದ ಜೀವಾಳ, ಮುಂದಿನ ನಿಯಂತ್ರಕರನ್ನು ತಲುಪಲೇ ಇಲ್ಲ.

ನಿಯಂತ್ರಕರನ್ನು ನಾನು ಪೂರ್ತಿ ಬಿಡುಗಡೆ ಮಾಡಲಾರೆ. ಮೊದಲ ಯತ್ನ ವಿಫಲವಾದ ಬಳಿಕ, ಸುಮಾರು 15 ಮೈಲಿ ಈಶಾನ್ಯಕ್ಕೆ ಕರೆದೊಯ್ದು ತಿರುಗಿಸಿ ತರುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಇದು ಸರಿಯೆ ಎಂದು ಕೇಳಿದ್ದರು. ಸರಿಯಿರಬಹುದು, ಧನ್ಯವಾದಗಳು ಎಂಬ ಅರ್ಥದ ಉತ್ತರ ಬಂತು. 'ಹೌದು' ಎನ್ನುವುದೇ ಸುಲಭವಾಗುವಂತಹ ಪ್ರಶ್ನೆ ಅದು. 'ಎಷ್ಟು ನಿಮಿಷದ ಇಂಧನ ಉಳಿದಿದೆ?' ಎಂದು ಕೇಳಿದ್ದರೆ ಸಂಖ್ಯೆಯೊಂದನ್ನು ಹೇಳಲೇಬೇಕಾಗುತ್ತಿತ್ತು, ಮತ್ತು ಆ ಸಂಖ್ಯೆಗೆ ಯಾರ ಇಂಗ್ಲಿಷೂ ಅಡ್ಡ ಬರುತ್ತಿರಲಿಲ್ಲ.

ಉತ್ತರ: ಸಹ ಪೈಲಟ್ ಒಬ್ಬರಿಂದ

ಹಿರಿಯರ ಮಾತಿಗೆ ಕಾಕ್‌ಪಿಟ್‌ನ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ಒಬ್ಬರು ವಿಮಾನ ಹಾರಿಸುವಾಗ ಇನ್ನೊಬ್ಬರು ರೇಡಿಯೋದಲ್ಲಿ ಮಾತನಾಡುವುದು ಕ್ರಮ. ವಿಫಲ ಯತ್ನದ ನಂತರ ನಿಯಂತ್ರಕರು 180 ಡಿಗ್ರಿಗೆ ತಿರುಗಲು ಸೂಚಿಸುತ್ತಾರೆ. ಅದೇ ಗಳಿಗೆಯಲ್ಲಿ ಪಕ್ಕದಿಂದ ಕ್ಯಾಪ್ಟನ್ 'ಎಮರ್ಜೆನ್ಸಿ ಎಂದು ತಿಳಿಸಿ' ಎನ್ನುತ್ತಾರೆ. ಸೂಚನೆಯನ್ನು ಮರಳಿ ಒಪ್ಪಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿರುತ್ತದೆಂದರೆ, ಬಾಯಿ ತಾನಾಗಿಯೇ ದಿಕ್ಕಿನ ಅಂಕಿಯನ್ನು ಮೊದಲು ಹೇಳಿಬಿಡುತ್ತದೆ. ಆ ಸಹ ಪೈಲಟ್ ದಿಕ್ಕನ್ನು ಒಪ್ಪಿಸಿ, ಮತ್ತೊಮ್ಮೆ ಪ್ರಯತ್ನಿಸುತ್ತೇವೆ ಎಂದು ಹೇಳಿ, ಇಂಧನ ಮುಗಿಯುತ್ತಿರುವುದನ್ನು ಅದೇ ವಾಕ್ಯದ ಬಾಲಕ್ಕೆ ಕಟ್ಟಿದರು. ಕೇಳುವವರಿಗೆ ಅದು ಮಾಮೂಲಿ ಉತ್ತರದ ತುದಿಯಲ್ಲಿ ಬಂದ ಗೊಣಗಾಟದಂತೆ ಕೇಳಿದ್ದರೆ ಆಶ್ಚರ್ಯವಿಲ್ಲ. ತಿಳಿಸಿದಿರಾ ಎಂದು ಕ್ಯಾಪ್ಟನ್ ವಿಚಾರಿಸಿದಾಗ, ಆಗಲೇ ತಿಳಿಸಿದೆ ಸರ್ ಎಂಬ ಉತ್ತರ ಬಂತು. ಅದು ಸುಳ್ಳಾಗಿರಲಿಲ್ಲ, ತಾವು ಹೇಳಿದ್ದೇ ಎಮರ್ಜೆನ್ಸಿ ಎಂದು ಅವರು ನಂಬಿದ್ದರು ಎಂಬುದು ನನ್ನ ಗ್ರಹಿಕೆ.

ನಮ್ಮ ಕರಾವಳಿಯ ಪ್ರಕರಣದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. 2010ರ ಮೇ 22ರಂದು ದುಬೈನಿಂದ ಬಜ್ಪೆಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ರಲ್ಲಿ ರೇಡಿಯೋದ ಮಾತು ಅಚ್ಚುಕಟ್ಟಾಗಿಯೇ ಇತ್ತು, ವಿಮಾನ ಮಾತ್ರ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಮಂಗಳೂರಿನ ರಾಡಾರ್ ಆ ದಿನಗಳಲ್ಲಿ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ತಡವಾಗಿ ಸಿಕ್ಕಿತ್ತು. ನಿದ್ರೆಯಿಂದ ಎದ್ದು ಬಹಳ ಹೊತ್ತಾಗಿರದ ಕ್ಯಾಪ್ಟನ್, ಇರಬೇಕಾದ ಎತ್ತರದ ಸುಮಾರು ಎರಡರಷ್ಟು ಮೇಲಿದ್ದ ವಿಮಾನವನ್ನು ಕಡಿದಾಗಿ ಇಳಿಸತೊಡಗಿದ್ದರು. ಅದೇ ಹೊತ್ತಿಗೆ ಟವರ್‌ನಿಂದ, ಇಳಿಯುವ ಹಾದಿಗೆ ಸರಿಯಾಗಿ ಬಂದಿದ್ದೀರಾ ಎಂಬ ಪ್ರಶ್ನೆ ಬಂತು. 'ಅಫರ್ಮೇಟಿವ್', ಅಂದರೆ ಹೌದು, ಎಂದು ಹೇಳುವಂತೆ ಕ್ಯಾಪ್ಟನ್ ಸಹ ಪೈಲಟ್ ಅವರನ್ನು ಒತ್ತಾಯಿಸಿದರು, ಇಳಿಯಲು ಅನುಮತಿಯೂ ದೊರೆಯಿತು. ಗೋ ಅರೌಂಡ್ (ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ) ಎಂದು ಸಹ ಪೈಲಟ್ ಮತ್ತೆ ಮತ್ತೆ ಹೇಳಿದ್ದು ಕಾಕ್‌ಪಿಟ್‌ನ ಒಳಗೇ ಉಳಿಯಿತು. 158 ಮಂದಿ ಸತ್ತರು, 8 ಮಂದಿ ಬದುಕಿದರು. 'ಅಫರ್ಮೇಟಿವ್' ಎಂಬ ಆ ಒಂದು ಪದದಲ್ಲಿ ಸಂಶಯಪಡುವಂತಹದ್ದೇನೂ ನಿಯಂತ್ರಕರಿಗೆ ಸಿಗುವಂತಿರಲಿಲ್ಲ.

ಉತ್ತರ: ಮತ್ತೊಬ್ಬ ಓದುಗರಿಂದ

ಭಾಷೆಯ ತೊಡಕಿಗೂ ಇಂಗ್ಲಿಷ್ ತಾಯ್ನುಡಿಯೋ ಅಲ್ಲವೋ ಎಂಬುದಕ್ಕೂ ಗಂಟು ಹಾಕಬಾರದು ಎನ್ನಲು ಇನ್ನೊಂದು ನಿದರ್ಶನ: 1989ರ ಫೆಬ್ರವರಿಯಲ್ಲಿ ಕೌಲಾಲಂಪುರದ ಸುಬಾಂಗ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ಸ್ ಸರಕು ವಿಮಾನದಲ್ಲಿದ್ದವರು ಅಮೆರಿಕದ ಪೈಲಟ್‌ಗಳು. 2,400 ಅಡಿಗೆ ಇಳಿಯಿರಿ ಎಂಬ ಅರ್ಥದಲ್ಲಿ ನಿಯಂತ್ರಕರು ಹೇಳಿದ 'ಟೂ ಫೋರ್ ಜೀರೋ ಜೀರೋ' ಅವರಿಗೆ 'ನಾನೂರು ಅಡಿಯವರೆಗೆ' ಎಂದು ಕೇಳಿತು, ಏಕೆಂದರೆ ಎರಡು ಎಂಬ ಅಂಕಿಗೂ 'ವರೆಗೆ' ಎಂಬ ಅರ್ಥದ ಪದಕ್ಕೂ ಇಂಗ್ಲಿಷಿನಲ್ಲಿ ಒಂದೇ ಉಚ್ಚಾರ. 'ಫೋರ್ ಜೀರೋ ಜೀರೋ' ಎಂದು ಅವರು ಮರಳಿ ಹೇಳಿದ್ದನ್ನು ನಿಯಂತ್ರಕರು ತಿದ್ದಲಿಲ್ಲ. ನೆಲ ಹತ್ತಿರವಾಗುತ್ತಿದೆ ಎಂಬ ಯಂತ್ರದ ಎಚ್ಚರಿಕೆಗೂ ಕಿವಿಗೊಡದೆ ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಇಂಧನ ಕಡಿಮೆಯಾದಾಗ ಹೇಳಬೇಕಾದ ಪದಗಳನ್ನು ಈಗಲಾದರೂ ನಿಗದಿಪಡಿಸಿದ್ದಾರೆಯೆ ಎಂಬುದನ್ನು ಸರ್ ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ನಿಯಂತ್ರಕರಿಂದ

ಹೌದು, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳಲ್ಲಿ 2012ರಿಂದ ಎರಡು ಹಂತಗಳಿವೆ. ಒಂದೇ ನಿಲ್ದಾಣಕ್ಕೆ ಕಟ್ಟುಬಿದ್ದು, ಇನ್ನು ತಡವಾದರೆ ಕೊನೆಯ ಮೀಸಲು ಇಂಧನಕ್ಕೆ ಕೈಹಾಕಬೇಕಾದೀತು ಎನ್ನುವಾಗ 'ಮಿನಿಮಮ್ ಫ್ಯೂಯೆಲ್' ಎನ್ನಬೇಕು. ಇದು ಮಾಹಿತಿ ಮಾತ್ರ, ಇದರಿಂದ ಸಾಲಿನಲ್ಲಿ ಮುಂದಿನ ಸ್ಥಾನ ಸಿಗುವುದಿಲ್ಲ. ಆ ಮೀಸಲನ್ನು ಬಳಸದೆ ಇಳಿಯಲು ಸಾಧ್ಯವೇ ಇಲ್ಲ ಎಂದು ಲೆಕ್ಕ ಸಿಕ್ಕ ಕೂಡಲೇ ಮೂರು ಬಾರಿ 'ಮೇಡೇ' ಎಂದು ಹೇಳಿ 'ಫ್ಯೂಯೆಲ್' ಎಂದು ಸೇರಿಸಬೇಕು. ಜೆಟ್ ವಿಮಾನಗಳಿಗೆ ಆ ಮೀಸಲು ಎಂದರೆ 30 ನಿಮಿಷ ಹಾರಲು ಬೇಕಾಗುವಷ್ಟು ಇಂಧನ. ಅವಿಯಾಂಕಾದ ಸಹ ಪೈಲಟ್ ಬಾಸ್ಟನ್ ತಪ್ಪಿಹೋದದ್ದನ್ನು ಹೇಳಿದಾಗ, ಇಂದಿನ ಲೆಕ್ಕದಲ್ಲಿ ಮೊದಲ ಪದವನ್ನಾದರೂ ಹೇಳಲೇಬೇಕಾದ ಹೊತ್ತು ಬಂದಿತ್ತು.