ಥ್ಯಾಂಕ್ಸ್‌ಗಿವಿಂಗ್ ಬರುವುದೇ ಗುರುವಾರ, ನಮ್ಮ ಮನೆಯಲ್ಲಿ ಗುರುವಾರ ರಾಯರ ವಾರ: ಟರ್ಕಿ ಕೋಳಿಯನ್ನು ಏನು ಮಾಡಲಿ?

ಪ್ರಶ್ನೆ: ನ್ಯೂಜೆರ್ಸಿಯಿಂದ, ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಕಳೆದ ಎರಡು ವರ್ಷ ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ನಮ್ಮನ್ನು ಊಟಕ್ಕೆ ಕರೆದಿದ್ದ ಪಕ್ಕದ ಬೀದಿಯ ಅಮೆರಿಕನ್ ಕುಟುಂಬವನ್ನು ಈ ಸಲ ನಾವೇ ಕರೆದಿದ್ದೇವೆ. ಅವರು ನಾಲ್ವರು, ನಾವು ನಾಲ್ವರು, ಜೊತೆಗೆ ಮೊಟ್ಟೆಯನ್ನೂ ಮುಟ್ಟದ ಒಂದು ಕನ್ನಡ ಕುಟುಂಬದ ಮೂವರು, ಒಟ್ಟು ಹನ್ನೊಂದು ಜನ. ಕರೆಯುವಾಗ ಇದ್ದ ಉತ್ಸಾಹ ಈಗ ಅರ್ಧಕ್ಕೆ ಇಳಿದಿದೆ.

ಮಂಡ್ಯದಿಂದ ಬಂದಿರುವ ನಮ್ಮ ಅತ್ತೆಯವರು ಜನವರಿಯವರೆಗೆ ಇಲ್ಲಿರುತ್ತಾರೆ. ಅವರೇನೂ ಸಸ್ಯಾಹಾರಿಗಳಲ್ಲ, ನಾಟಿ ಕೋಳಿ ಸಾರು ಮಾಡುವುದರಲ್ಲಿ ಅವರದು ಎತ್ತಿದ ಕೈ. ಆದರೆ ಗುರುವಾರ ರಾಯರ ವಾರವೆಂದು ಮದುವೆಯಾಗಿ ಬಂದ ದಿನದಿಂದ ಇಂದಿನವರೆಗೆ ಅವರ ಒಲೆಯ ಮೇಲೆ ಆ ದಿನ ಮೊಟ್ಟೆಯೂ ಬೆಂದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಗುರುವಾರ ಬಿಟ್ಟು ಬೇರೆ ವಾರ ಬರುವುದಿಲ್ಲವೆಂಬುದು, ಆ ಹಬ್ಬದೂಟಕ್ಕೆ ಬೇಯಿಸುವ ಟರ್ಕಿ ತಂದು ಫ್ರೀಜರ್‌ಗೆ ಹಾಕಿದ ಮೇಲೆ ನನಗೆ ಹೊಳೆಯಿತು. ನಾಲ್ಕನೆಯ ತರಗತಿಯಲ್ಲಿರುವ ಮಗಳು ತನ್ನ ಅಂಗೈಯನ್ನು ಕಂದು ಬಣ್ಣದ ಕಾಗದದ ಮೇಲಿಟ್ಟು ಗೆರೆ ಎಳೆದು, ಬೆರಳುಗಳನ್ನು ಗರಿಗಳನ್ನಾಗಿ ಹೆಬ್ಬೆರಳನ್ನು ತಲೆಯನ್ನಾಗಿ ಮಾಡಿ, ಆ ಟರ್ಕಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಅತ್ತೆಯವರು ಅದನ್ನು ನೋಡಿ, "ಇದೇನವ್ವ, ನವಿಲಾ?" ಎಂದರು. ಅದನ್ನೇ ಗುರುವಾರ ಬೇಯಿಸಬೇಕೆಂದಿದ್ದೇನೆ ಎಂದು ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.

ಟರ್ಕಿಯ ತೂಕ 14 ಪೌಂಡ್. ಕೋಳಿಯನ್ನು ಮಾಡುವಂತೆ ಬುಧವಾರ ರಾತ್ರಿ ಹೊರಗೆ ತೆಗೆದು ಕಟ್ಟೆಯ ಮೇಲಿಟ್ಟರೆ ಬೆಳಗಾಗುವಷ್ಟರಲ್ಲಿ ಹಿಮ ಕರಗುತ್ತದೆಯೇ? ಮನೆಯಲ್ಲಿ ಒಂದೇ ಓವನ್ ಇದೆ. ಅದರಲ್ಲಿ ಟರ್ಕಿ ಇದ್ದರೆ ಸಸ್ಯಾಹಾರಿಗಳ ಪದಾರ್ಥಗಳನ್ನು ಯಾವಾಗ ಬೇಯಿಸಬೇಕು? ಅತ್ತೆಯವರ ವಿಷಯದಲ್ಲಿ ಏನು ಮಾಡಬೇಕು? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ಮಿಚಿಗನ್‌ನಿಂದ

ಮೊದಲ ಮಾತು: ಇದನ್ನು ಓದಿದ ತಕ್ಷಣ ಎದ್ದುಹೋಗಿ ಟರ್ಕಿಯನ್ನು ಫ್ರೀಜರ್‌ನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಅಂಚಿರುವ ಒಂದು ತಟ್ಟೆಯ ಮೇಲಿಡಿ. ಫ್ರಿಜ್ಜಿನೊಳಗೆ ಪ್ರತಿ 4ರಿಂದ 5 ಪೌಂಡಿಗೆ ಒಂದು ಪೂರ್ತಿ ದಿನ ಬೇಕೆಂಬುದು ಇಲ್ಲಿನ ಕೃಷಿ ಇಲಾಖೆಯ ಲೆಕ್ಕ, ಆದ್ದರಿಂದ ನಿಮ್ಮ 14 ಪೌಂಡಿಗೆ ಮೂರು ದಿನಕ್ಕಿಂತ ಕಡಿಮೆ ಸಾಲದು. ಕಟ್ಟೆಯ ಮೇಲೆ ಖಂಡಿತ ಇಡಬೇಡಿ. ಅಷ್ಟು ದೊಡ್ಡ ಹಕ್ಕಿಯ ಹೊಟ್ಟೆಯೊಳಗೆ ಇನ್ನೂ ಮಂಜುಗಡ್ಡೆ ಇರುವಾಗಲೇ ಹೊರಗಿನ ಮಾಂಸ 40 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಗಂಟೆಗಟ್ಟಲೆ ಹಾಗೇ ಕುಳಿತಿರುತ್ತದೆ. ಕೀಟಾಣುಗಳು ಬೆಳೆಯುವುದು ಅಲ್ಲೇ. ಮರೆತುಹೋಗಿ ಬುಧವಾರ ನೆನಪಾದವರಿಗೆ ಇರುವ ದಾರಿ ತಣ್ಣೀರು: ಪ್ಲಾಸ್ಟಿಕ್ ಬಿಚ್ಚದೆ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಬೇಕು. ಪೌಂಡಿಗೆ ಅರ್ಧ ಗಂಟೆಯಂತೆ ನಿಮ್ಮದಕ್ಕೆ ಏಳು ಗಂಟೆ ಹಿಡಿಯುತ್ತದೆ, ಆಮೇಲೆ ಅದನ್ನು ತಡಮಾಡದೆ ಬೇಯಿಸಿಬಿಡಬೇಕು. ನಾನು ಒಂದು ವರ್ಷ ರಾತ್ರಿಯೆಲ್ಲ ಹೀಗೆ ಅಲಾರಂ ಇಟ್ಟುಕೊಂಡು ನೀರು ಬದಲಿಸಿ, ಮರುದಿನ ಅತಿಥಿಗಳ ಎದುರು ಕೂತಲ್ಲೇ ತೂಕಡಿಸಿದ್ದೇನೆ.

ತೊಳೆಯುವ ನಮ್ಮ ಅಭ್ಯಾಸವನ್ನೂ ಈ ಒಂದು ದಿನ ಬಿಡಿ. ಸಿಂಕಿನಲ್ಲಿ ಹಸಿ ಟರ್ಕಿ ತೊಳೆದರೆ ಹಾರುವ ಹನಿ ಪಕ್ಕದಲ್ಲಿ ಹೆಚ್ಚಿಟ್ಟ ಕೊತ್ತಂಬರಿ ಸೊಪ್ಪಿನ ಮೇಲೂ ಬೀಳುತ್ತದೆ. ಒಳಗೆ ಕೈಹಾಕಿ ಕತ್ತು ಮತ್ತು ಗುಂಡಿಗೆ, ಈಲಿಗಳ ಪೊಟ್ಟಣವನ್ನು ತೆಗೆಯಲು ಮರೆಯಬೇಡಿ; ಮೊದಲ ಸಲ ಮಾಡುವವರಲ್ಲಿ ಅದನ್ನು ಕಾಗದ ಸಮೇತ ಬೇಯಿಸಿದವರು ಬಹಳ ಮಂದಿ.

325 ಡಿಗ್ರಿಯಲ್ಲಿ, ಒಳಗೆ ಏನೂ ತುಂಬದೆ, 14 ಪೌಂಡಿನ ಹಕ್ಕಿಗೆ ಮೂರೂವರೆ ಗಂಟೆಯ ಆಸುಪಾಸು ಬೇಕು. ಗಡಿಯಾರವನ್ನಾಗಲಿ, ಬೆಂದಾಗ ಮೇಲೇಳುವಂತೆ ಎದೆಗೆ ಚುಚ್ಚಿ ಬಂದಿರುವ ಪ್ಲಾಸ್ಟಿಕ್ ಗುಂಡಿಯನ್ನಾಗಲಿ ನಂಬದೆ ಒಂದು ಥರ್ಮಾಮೀಟರ್ ಕೊಳ್ಳಿ: ಎದೆಯ ದಪ್ಪ ಭಾಗ, ತೊಡೆಯ ಒಳಭಾಗ, ರೆಕ್ಕೆಯ ಸಂದು, ಮೂರೂ ಕಡೆ 165 ತೋರಿಸಬೇಕು. ಹೊರಗೆ ತೆಗೆದು ಕನಿಷ್ಠ 20 ನಿಮಿಷ ಮುಟ್ಟದೆ ಬಿಟ್ಟರೆ ರಸ ಮಾಂಸದಲ್ಲೇ ಉಳಿಯುತ್ತದೆ. ನಾನು ಮೇಲೆ ಫಾಯಿಲ್ ಹೊದಿಸಿ ಮುಕ್ಕಾಲು ಗಂಟೆ ಬಿಡುತ್ತೇನೆ, ಏಕೆಂದರೆ ಒಂದೇ ಓವನ್ ಇರುವ ಮನೆಗೆ ಉಳಿದೆಲ್ಲ ಪದಾರ್ಥಗಳನ್ನು ಬಿಸಿಮಾಡಿಕೊಳ್ಳಲು ಸಿಗುವುದು ಆ ಮುಕ್ಕಾಲು ಗಂಟೆ ಮಾತ್ರ. ನಾಲ್ಕಕ್ಕೆ ಊಟವಾದರೆ ಹನ್ನೊಂದೂವರೆಗೆ ಟರ್ಕಿ ಒಳಗೆ ಹೋಗಿರಬೇಕು.

ಅತ್ತೆಯವರ ವಿಷಯದಲ್ಲಿ ನನ್ನಿಂದ ಸಲಹೆ ಇಲ್ಲ. ನಮ್ಮತ್ತೆ ಒಮ್ಮೆ ಬಂದಿದ್ದಾಗ ನಾವು ಆ ವಾರಾಂತ್ಯ ನಯಾಗರಾ ನೋಡಲು ಹೋಗಿಬಿಟ್ಟಿದ್ದೆವು.

ಉತ್ತರ 2: ಕ್ಯಾಲಿಫೋರ್ನಿಯಾದಿಂದ

ನಮ್ಮದು ಪೂರ್ತಿ ಸಸ್ಯಾಹಾರಿ ಮನೆಯಾದ್ದರಿಂದ ಟರ್ಕಿಯ ಬಗ್ಗೆ ಏನೂ ಹೇಳಲಾರೆ. ಉಳಿದ ಹನ್ನೆರಡಾಣೆ ಊಟದ ಬಗ್ಗೆ ಹೇಳುತ್ತೇನೆ. ನಿಮ್ಮ ಮೂವರು ಅತಿಥಿಗಳಿಗೂ ಆ ದಿನ ಅತ್ತೆಯವರಿಗೂ ಅಡ್ಡಬರುವುದು ಎದ್ದುಕಾಣುವ ಟರ್ಕಿಗಿಂತ ಹೆಚ್ಚಾಗಿ ಕಾಣದೆ ಬೆರೆತಿರುವ ವಸ್ತುಗಳು. ಹಕ್ಕಿಯೊಳಗೆ ತುಂಬುವ, ಪೆಟ್ಟಿಗೆಯಲ್ಲಿ ಬರುವ ಸ್ಟಫಿಂಗ್‌ನ ಬ್ರೆಡ್ ಚೂರುಗಳಿಗೆ ಅನೇಕ ಸಲ ಕೋಳಿಯ ಸಾರ ಸೇರಿರುತ್ತದೆ. ಸಿಹಿಗೆಣಸಿನ ಮೇಲೆ ಹರಡುವ ಮಾರ್ಷ್‌ಮ್ಯಾಲೊದಲ್ಲಿ ಸಾಮಾನ್ಯವಾಗಿ ಇರುವುದು ಜೆಲಾಟಿನ್, ಅಂದರೆ ಪ್ರಾಣಿಯ ಚರ್ಮ ಮೂಳೆಗಳಿಂದ ತೆಗೆದದ್ದು. ಸಿದ್ಧ ಪೈ ಹಿಟ್ಟಿನ ಕೆಲವು ಬಗೆಗಳಲ್ಲಿ ಹಂದಿಯ ಕೊಬ್ಬಿರುತ್ತದೆ. ಕುಂಬಳಕಾಯಿ ಪೈ ಗಟ್ಟಿಯಾಗುವುದೇ ಮೊಟ್ಟೆಯಿಂದ. ಅಂಗಡಿಯಲ್ಲಿ ನಿಂತು ಡಬ್ಬಿಯ ಹಿಂದಿನ ಸಣ್ಣಕ್ಷರಗಳನ್ನು ಓದುವುದಕ್ಕೇ ಒಂದು ಗಂಟೆ ಇಟ್ಟುಕೊಳ್ಳಿ.

ಹುರುಳಿಕಾಯಿ ಕ್ಯಾಸರೋಲ್ ಮಾಡಿದರೆ ನಿಮ್ಮ ರಾಜ್ಯಕ್ಕೇ ಗೌರವ ಸಲ್ಲಿಸಿದಂತೆ. 1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿದ್ದ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಎಂಬ ಮಹಿಳೆ ಅದನ್ನು ರೂಪಿಸಿದರು. ಹುರುಳಿಕಾಯಿ, ಅಣಬೆಯ ಸೂಪ್, ಹಾಲು, ಮೇಲೆ ಕರಿದ ಈರುಳ್ಳಿ, ಅಷ್ಟೇ. ರುಚಿ ಸಪ್ಪೆಯೆಂಬುದು ನನ್ನ ಅಭಿಪ್ರಾಯ; ನಾನು ಎರಡು ಹಸಿಮೆಣಸಿನಕಾಯಿ ಸೀಳಿ ಹಾಕುತ್ತೇನೆ.

ನಿಮ್ಮ ಮೇಜಿನ ಮೇಲೆ ಖಂಡಿತ ಇರಬೇಕಾದದ್ದು ಕ್ರ್ಯಾನ್‌ಬೆರಿ ಗೊಜ್ಜು. ಹಸಿ ಕ್ರ್ಯಾನ್‌ಬೆರಿಯ 12 ಔನ್ಸ್ ಚೀಲ ಒಂದು ಸಾಕು. ಎಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಮಾಡಿ ಹಣ್ಣು ಸುರಿದು ಮುಚ್ಚಿಡಿ. ಐದು ನಿಮಿಷಕ್ಕೆ ಅರಳು ಹುರಿದಂತೆ ಪಟಪಟನೆ ಒಡೆಯತೊಡಗುತ್ತವೆ. ಹುಣಸೆಹುಳಿ ಬೇಡ, ಆ ಹಣ್ಣಿನ ಹುಳಿಯೇ ಹಲ್ಲು ಜುಮ್ಮೆನ್ನಿಸುವಷ್ಟಿರುತ್ತದೆ. ಮುಕ್ಕಾಲು ಬಟ್ಟಲು ಬೆಲ್ಲ, ಉಪ್ಪು, ಒಂದು ಚಮಚ ಸಾರಿನ ಪುಡಿ, ಚಿಟಿಕೆ ಹುರಿದ ಮೆಂತ್ಯದ ಪುಡಿ ಹಾಕಿ, ಇನ್ನೂ ಸ್ವಲ್ಪ ನೀರಾಗಿದೆ ಎನ್ನಿಸುವಾಗಲೇ ಇಳಿಸಿ. ಹಣ್ಣಿನಲ್ಲಿರುವ ಪೆಕ್ಟಿನ್‌ನಿಂದ ಆರಿದ ಮೇಲೆ ಅದು ತಾನಾಗಿಯೇ ಬಿಗಿಯುತ್ತದೆ. ಮಂಗಳವಾರವೇ ಮಾಡಿಟ್ಟರೆ ಗುರುವಾರಕ್ಕೆ ರುಚಿ ಕೂಡಿಬಂದಿರುತ್ತದೆ.

ಪೈಗೆ ಬರೀ ಕುಂಬಳಕಾಯಿ ಇರುವ 15 ಔನ್ಸ್ ಡಬ್ಬಿಯನ್ನೇ ನೋಡಿ ತನ್ನಿ. ಅದರ ಪಕ್ಕದಲ್ಲೇ, ಸಕ್ಕರೆ ಮಸಾಲೆ ಮೊದಲೇ ಬೆರೆಸಿದ ಪೈ ಮಿಶ್ರಣ ಹೆಚ್ಚುಕಡಿಮೆ ಅದೇ ವೇಷದಲ್ಲಿ ಕೂತಿರುತ್ತದೆ. ಮೊಟ್ಟೆಯ ಬದಲಿಗೆ ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸಾಕು, ಆದರೆ ಬೆಂದ ಮೇಲೆ ನಾಲ್ಕು ಗಂಟೆಯಾದರೂ ಆರಬೇಕು. ಇದನ್ನು ಬುಧವಾರವೇ ಮುಗಿಸಿ.

ಉತ್ತರ 3: ಮ್ಯಾಸಚೂಸೆಟ್ಸ್‌ನಿಂದ

ಅಡುಗೆಯ ಮಾತು ಸಾಕಷ್ಟು ಬಂದಿರುವುದರಿಂದ ನಾನು ದಿನದ ಮಾತಾಡುತ್ತೇನೆ. ಗುರುವಾರವೆಂಬುದು ಕಲ್ಲಿನಲ್ಲಿ ಕೆತ್ತಿದ್ದೇನಲ್ಲ. ಈ ಹಬ್ಬದ ಮೂಲವೆನ್ನುವ ಊಟವನ್ನು ನಮ್ಮ ರಾಜ್ಯದ ಪ್ಲಿಮತ್‌ನಲ್ಲಿ 1621ರ ಶರತ್ಕಾಲದಲ್ಲಿ ವಲಸೆ ಬಂದ ಇಂಗ್ಲಿಷರೂ ಮಾಸಸಾಯಿಟ್ ದೊರೆಯ ಜೊತೆ ಬಂದ ತೊಂಬತ್ತರಷ್ಟು ವಾಂಪನೋಗ್ ಮೂಲನಿವಾಸಿಗಳೂ ಉಂಡದ್ದು ಮೂರು ದಿನ, ಮತ್ತು ಆ ಜನ ಬೇಟೆಯಾಡಿ ತಂದದ್ದು ಐದು ಜಿಂಕೆಗಳನ್ನು. (ನಿಮ್ಮ ಮಗಳು ಸ್ವಲ್ಪ ದೊಡ್ಡವಳಾದ ಮೇಲೆ, ಅದೇ ಪ್ಲಿಮತ್‌ನಲ್ಲಿ 1970ರಿಂದ ಮೂಲನಿವಾಸಿಗಳು ಈ ದಿನವನ್ನು ಶೋಕದ ದಿನವಾಗಿ ಆಚರಿಸುತ್ತ ಬಂದಿರುವುದನ್ನೂ ಅವಳಿಗೆ ಹೇಳಿ.) ಲಿಂಕನ್ 1863ರಲ್ಲಿ ನವೆಂಬರಿನ ಕೊನೆಯ ಗುರುವಾರವನ್ನು ಸಾರಿದರು. 1939ರಲ್ಲಿ ಕೊನೆಯ ಗುರುವಾರ 30ನೆಯ ತಾರೀಕಿಗೆ ಬಿದ್ದು ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲದಾಗುತ್ತದೆಂದು ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಹಿಂದಕ್ಕೆ ತಂದಾಗ, ಕೆಲವು ರಾಜ್ಯಗಳು ಅವರ ದಿನವನ್ನೂ ಕೆಲವು ಹಳೆಯ ದಿನವನ್ನೂ ಹಿಡಿದುಕೊಂಡು ದೇಶವೇ ಎರಡು ಹೋಳಾಯಿತು. ನಾಲ್ಕನೆಯ ಗುರುವಾರವೆಂದು ಕಾನೂನು ಬಂದದ್ದು 1941ರಲ್ಲಿ. ಅಂಗಡಿಯವರಿಗಾಗಿ ಒಂದು ವಾರ ಸರಿದ ಹಬ್ಬ ನಿಮ್ಮ ಅತ್ತೆಯವರಿಗಾಗಿ ಎರಡು ದಿನ ಸರಿದರೆ ಯಾರಿಗೂ ನಷ್ಟವಿಲ್ಲ. ಊಟವನ್ನು ಶನಿವಾರಕ್ಕೆ ಇಟ್ಟುಕೊಳ್ಳಿ.

ದಿನ ಬದಲಿಸದಿದ್ದರೆ ಬೇಕಾದ ಸಾಮಾನನ್ನು ಬುಧವಾರದೊಳಗೆ ತಂದಿಟ್ಟುಕೊಳ್ಳಿ. ನಮ್ಮಲ್ಲಂತೂ ಆ ದಿನ ಸೂಪರ್‌ಮಾರ್ಕೆಟ್ಟುಗಳು ಬಾಗಿಲು ತೆರೆಯಲು ಕಾನೂನೇ ಬಿಡುವುದಿಲ್ಲ.

ಉತ್ತರ 4: ಟೆಕ್ಸಸ್‌ನಿಂದ

ಮೇಲಿನವರ ಇತಿಹಾಸ ಸರಿ, ಪಂಚಾಂಗ ಸರಿಯಿಲ್ಲ. ಮಂಡ್ಯದ ಕಡೆಯ ಅತ್ತೆಯವರಿಗೆ ಶುಕ್ರವಾರ ಲಕ್ಷ್ಮಿ, ಶನಿವಾರ ತಿಮ್ಮಪ್ಪ ಎಂದು ಇದ್ದೇ ಇರುತ್ತದೆ. ಭಾನುವಾರಕ್ಕೆ ಹಾಕಿದರೆ ಮರುದಿನ ಎಲ್ಲರಿಗೂ ಕೆಲಸ, ಶಾಲೆ.

ಇದಕ್ಕಿಂತ ಸುಲಭದ ದಾರಿ ನಿಮ್ಮ ಅತಿಥಿಗಳ ಬಾಯಲ್ಲೇ ಇದೆ. ಇಲ್ಲಿನವರು ಊಟಕ್ಕೆ ಕರೆದಾಗ "ನಾವೇನು ತರಲಿ?" ಎಂದು ಕೇಳಿಯೇ ಕೇಳುತ್ತಾರೆ. ನಾವು ನಮ್ಮ ರೂಢಿಯಂತೆ "ಏನೂ ಬೇಡ, ನೀವು ಬಂದರೆ ಸಾಕು" ಎನ್ನುತ್ತೇವೆ, ಅವರು ಏನು ಮಾಡಬೇಕೆಂದು ತಿಳಿಯದೆ ವೈನ್ ಬಾಟಲಿ ಹಿಡಿದು ಬರುತ್ತಾರೆ. ಈ ಸಲ ಸಂಕೋಚ ಬಿಟ್ಟು "ಟರ್ಕಿ ನೀವೇ ಬೇಯಿಸಿ ತನ್ನಿ, ಹಕ್ಕಿಯನ್ನು ನಾವು ಕೊಡುತ್ತೇವೆ" ಎನ್ನಿ. ವರ್ಷವರ್ಷವೂ ಬೇಯಿಸಿದ ಕೈ ಅವರದು, ಇರುವುದೂ ಪಕ್ಕದ ಬೀದಿಯಲ್ಲಿ. ಮನೆಯಲ್ಲೇ ಕತ್ತರಿಸಿ ಫಾಯಿಲ್ ಮುಚ್ಚಿ ಬಿಸಿಯಾಗಿ ತರಲಿ, ಎರಡು ಗಂಟೆಯೊಳಗೆ ಉಂಡು ಉಳಿದದ್ದನ್ನು ಫ್ರಿಜ್ಜಿಗೆ ಹಾಕಲಿ. ಆದರೆ ಮೊದಲು ಅತ್ತೆಯವರನ್ನು ಕೇಳಿ. ಅವರಿಗೆ ಹೇಳದೆ ಮಾಡಿದರೆ ಟರ್ಕಿ ಯಾರ ಓವನ್‌ನಲ್ಲಿ ಬೆಂದರೂ ತಪ್ಪು ನಿಮ್ಮದೇ ಆಗುತ್ತದೆ.

ಪ್ರಶ್ನೆ ಕೇಳಿದವರಿಂದ, ಶನಿವಾರ

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಮಿಚಿಗನ್‌ನವರ ಮಾತು ಓದಿ ಭಾನುವಾರವೇ ಟರ್ಕಿಯನ್ನು ಫ್ರಿಜ್ಜಿಗೆ ಇಳಿಸಿದೆ. ಸಂಜೆ ಟೆಕ್ಸಸ್‌ನವರ ಉತ್ತರ ಓದಿ ಅತ್ತೆಯವರ ಎದುರು ಕುಳಿತೆ. ಅವರು ಅವರೆಕಾಯಿ ಸುಲಿಯುತ್ತಲೇ ಪೂರ್ತಿ ಕೇಳಿ, "ಬಂದೋರು ಉಂಡ್ರೆ ನಂಗೇನವ್ವ? ನನ್ನ ಒಲೆ ಮೇಲೆ ಬ್ಯಾಡ, ಅಷ್ಟೇಯ" ಎಂದರು. ನಾನು ಒಂದು ವಾರ ನಿದ್ದೆಗೆಟ್ಟದ್ದು ಇಷ್ಟಕ್ಕೆ. ಆ ರಾತ್ರಿಯೇ ನಮ್ಮವರು ಟರ್ಕಿಯನ್ನು ಬೆನ್ನುಚೀಲಕ್ಕೆ ತುಂಬಿಕೊಂಡು ಪಕ್ಕದ ಬೀದಿಗೆ ಒಯ್ದುಕೊಟ್ಟರು. ಅಂಗಡಿಯಿಂದ ನೇರವಾಗಿ ಅದು ಬೇಯಿಸುವವರ ಮನೆಗೇ ಬರಬೇಕಿತ್ತೆಂದು ಆ ಮನೆಯಾಕೆ ಬಹಳ ನಕ್ಕರಂತೆ.

ಗುರುವಾರ ಓವನ್ ಇಡೀ ದಿನ ನನ್ನದೇ ಆಗಿತ್ತು. ಸಿಹಿಗೆಣಸನ್ನು ಮಾರ್ಷ್‌ಮ್ಯಾಲೊ ಇಲ್ಲದೆ ಬೆಲ್ಲ, ತುಪ್ಪ, ಏಲಕ್ಕಿ ಹಾಕಿ ಬೇಯಿಸಿದೆ. ಕ್ಯಾಸರೋಲಿಗೆ ಹಸಿಮೆಣಸಿನಕಾಯಿಯೂ ಬಿತ್ತು. ಕ್ರ್ಯಾನ್‌ಬೆರಿ ಗೊಜ್ಜನ್ನು ಅತಿಥಿಗಳು ಟರ್ಕಿಗೆ ಹಚ್ಚಿಕೊಂಡು ತಿಂದರು, ಕನ್ನಡ ಕುಟುಂಬದವರು ಅನ್ನಕ್ಕೆ ಕಲಸಿಕೊಂಡರು, ಅತ್ತೆಯವರು ಬೆರಳಿನಲ್ಲಿ ನೆಕ್ಕಿ "ನೆಲ್ಲಿಕಾಯಿಗಿಂತ ವಾಸಿ" ಎಂದರು. ಪೈ ಮಾತ್ರ ಕೈಕೊಟ್ಟಿತು. ಬುಧವಾರ ಮಾಡಬೇಕಿದ್ದದ್ದನ್ನು ಗುರುವಾರ ಮಧ್ಯಾಹ್ನಕ್ಕೆ ತಳ್ಳಿ, ಆರುವ ಮುಂಚೆ ಚಾಕು ಹಾಕಿದ್ದರಿಂದ ಒಳಗಿನದೆಲ್ಲ ಹರಿದು ತಟ್ಟೆಗೆ ಬಂತು. ಅದನ್ನು ಪಾಯಸದಂತೆ ಬಟ್ಟಲಿಗೆ ಹಾಕಿ, ಅಂಚಿನ ಹಿಟ್ಟನ್ನು ಮುರಿದು ಮೇಲೆ ಉದುರಿಸಿ ಕೊಟ್ಟೆ. ಎಲ್ಲರೂ ತಿಂದರು, ಯಾರೂ ಹೆಸರು ಕೇಳಲಿಲ್ಲ.

ಉಳಿದ ಟರ್ಕಿ ಮಾಂಸವನ್ನೂ ಮೂಳೆಯನ್ನೂ ಪಕ್ಕದ ಬೀದಿಯವರೇ ತಮ್ಮ ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದಾರೆ, ನಮ್ಮ ಪಾಲು ನಾಳೆ ಬರುತ್ತದೆ. ಬೇಯಿಸಿದ ಟರ್ಕಿ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆಂದು ಓದಿದ್ದೇನೆ. ಗುರುವಾರದಿಂದ ಎಣಿಸಿದರೆ ಭಾನುವಾರ ಮೂರನೆಯ ದಿನ, ಅಷ್ಟರಲ್ಲಿ ಲಕ್ಷ್ಮಿಯ ದಿನವೂ ತಿಮ್ಮಪ್ಪನ ದಿನವೂ ಕಳೆದಿರುತ್ತವೆ. ಅತ್ತೆಯವರು ಇವತ್ತೇ ಸಾರಿನ ಖಾರಕ್ಕೆ ಧನಿಯ, ಕೊಬ್ಬರಿ ಹುರಿದಿಟ್ಟು, ಮುದ್ದೆಗೆ ರಾಗಿ ಹಿಟ್ಟು ಎಷ್ಟಿದೆಯೆಂದು ಡಬ್ಬಿ ತೆಗೆದು ನೋಡಿದ್ದಾರೆ.